ಎಲೆಕ್ಟ್ರಿಕ್ ಕಾರಿಗೆ ಬೆಳಗುವ ಲೋಗೋ: ನಾವೇ ಕೂರಿಸಿಕೊಳ್ಳಬಹುದಾ?

ಪರ: ಅದೂ 12 ವೋಲ್ಟ್ ತಾನೇ?

ಎಲೆಕ್ಟ್ರಿಕ್ ಕಾರಿನ ಮೂತಿ ಬೋಳು. ಎಂಜಿನ್ ಇಲ್ಲ, ಅದನ್ನು ತಣ್ಣಗಿಡಲು ಅಗಲವಾದ ಗ್ರಿಲ್ ಬೇಕಿಲ್ಲ. ಆ ಖಾಲಿ ಜಾಗಕ್ಕೆ ಕಂಪನಿಗಳೇ ಕಂಡುಕೊಂಡ ಉಪಾಯ ಬೆಳಕು. ಎಂಜಿ ವಿಂಡ್ಸರ್‌ನ ಲೋಗೋ ಬೆಳಗುತ್ತದೆ, ಮಹೀಂದ್ರಾ ಬಿಇ 6ರದ್ದೂ ಬೆಳಗುತ್ತದೆ. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತರೆ ಚೆಂದ ಕಾಣುತ್ತೆ, ಸುಳ್ಳು ಯಾಕೆ ಹೇಳಬೇಕು? ಸ್ವಲ್ಪ ಮೊದಲೇ ಕಾರು ತಗೊಂಡವರಿಗೂ ಆಸೆಯಾದರೆ ಅದರಲ್ಲಿ ತಪ್ಪೇನೂ ಇಲ್ಲ.

ಎಲೆಕ್ಟ್ರಿಕ್ ಕಾರಿನ ವೈರ್ ಮುಟ್ಟಬೇಡ, ಶಾಕ್ ಹೊಡೆಯುತ್ತೆ ಅಂತ ಹೆದರಿಸುವವರು ಬಹಳ. ಭಯ ಪೂರ್ತಿ ಸುಳ್ಳಲ್ಲ. ಕಾರು ಓಡಿಸುವ ಬ್ಯಾಟರಿ ನಮ್ಮ ರಸ್ತೆಯ ಹೆಚ್ಚಿನ ಕಾರುಗಳಲ್ಲಿ 300ರಿಂದ 400 ವೋಲ್ಟ್ ಆಸುಪಾಸು ಇರುತ್ತದೆ. ಜೀವ ತೆಗೆಯಲು ಅಷ್ಟು ಸಾಕು. ಆದರೆ ಆ ಕೇಬಲ್‌ಗಳಿಗೆ ಕಿತ್ತಳೆ ಬಣ್ಣದ ಹೊದಿಕೆ ಇರುತ್ತದೆ, ಬಾನೆಟ್ ಎತ್ತಿದ ಕೂಡಲೇ ಗೊತ್ತಾಗುತ್ತದೆ. ಅವುಗಳ ಹತ್ತಿರ ಹೋಗಬೇಡಿ, ಅಷ್ಟೇ. ಹಾರ್ನ್, ವೈಪರ್, ಹೆಡ್‌ಲೈಟ್ ಎಲ್ಲ ನಡೆಯುವುದು ಬೇರೆಯೇ ಒಂದು 12 ವೋಲ್ಟ್ ಬ್ಯಾಟರಿಯಿಂದ. ಮಾರುತಿ 800ರಲ್ಲಿ ಇದ್ದದ್ದೂ ಅದೇ 12 ವೋಲ್ಟ್.

ರೇಂಜ್, ಅಂದರೆ ಒಂದು ಚಾರ್ಜ್‌ಗೆ ಕಾರು ಓಡುವ ದೂರ, ಕಡಿಮೆಯಾಗುತ್ತೆ ಅನ್ನೋ ಮಾತೂ ಕೇಳಿದ್ದೇನೆ. ಲೆಕ್ಕ ಹಾಕಿ. ಲೋಗೋ 5 ವ್ಯಾಟ್ ಅಂತಿಟ್ಟುಕೊಂಡರೆ 10 ಗಂಟೆಗೆ 50 ವ್ಯಾಟ್-ಅವರ್. ಒಂದು ಕಿಲೋಮೀಟರ್ ಓಡಲು ಕಾರಿಗೆ 130-150 ವ್ಯಾಟ್-ಅವರ್ ಬೇಕು. ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿಯಿಡೀ ಬೆಳಗಿಸಿಕೊಂಡು ಹೋದರೂ ಅರ್ಧ ಕಿಲೋಮೀಟರ್ ಕಳೆದುಕೊಳ್ಳುವುದಿಲ್ಲ. ಎಸಿ ಇದರ ನೂರಾರು ಪಟ್ಟು ಎಳೆಯುತ್ತದೆ, ಅದನ್ನು ಯಾರೂ ಕೇಳಲ್ಲ.

ಇನ್ನು, ಅಂಗಡಿಯಲ್ಲಿ ಹಾಕಿಸುವುದು ಬಿಟ್ಟು ನಾವೇ ಯಾಕೆ ಮಾಡಬೇಕು? ಬೆಂಗಳೂರಿನ ಜೆಸಿ ರಸ್ತೆಯಲ್ಲಿ ನಿಮಿಷಗಳಲ್ಲಿ ಕೂರಿಸಿಕೊಡುತ್ತಾರೆ. ಆದರೆ ಅವರ ಹಿಂದೆ ಇನ್ನೂ ನಾಲ್ಕು ಕಾರು ಕಾಯುತ್ತಿರುತ್ತವೆ. ಹತ್ತಿರ ಸಿಕ್ಕ ವೈರ್ ಸುಲಿದು, ಸುತ್ತಿ, ಕಪ್ಪು ಟೇಪ್ ಹಾಕಿ ಮುಗಿಸುತ್ತಾರೆ. ಹೆಚ್ಚಾಗಿ ಸಿಗುವುದು ಹಗಲು ಹೊತ್ತು ಉರಿಯುವ ಡಿಆರ್‌ಎಲ್‌ನ ವೈರ್. ಅಲ್ಲೇ ಎಡವಟ್ಟು. ಈಗಿನ ಕಾರುಗಳು ಆ ಲೈಟಿಗೆ ಕರೆಂಟನ್ನು ಒಂದೇ ಸಮ ಕೊಡುವುದಿಲ್ಲ, ಸೆಕೆಂಡಿಗೆ ನೂರಾರು ಸಲ ಆನ್-ಆಫ್ ಮಾಡುತ್ತಾ ಕೊಡುತ್ತವೆ. ಎಷ್ಟು ಕರೆಂಟ್ ಹೋಗುತ್ತಿದೆ ಅಂತ ಬಾಡಿ ಕಂಟ್ರೋಲ್ ಮಾಡ್ಯೂಲ್ (ಲೈಟ್ ಮುಂತಾದವನ್ನು ನಡೆಸುವ ಪುಟ್ಟ ಕಂಪ್ಯೂಟರ್) ನೋಡುತ್ತಲೂ ಇರುತ್ತದೆ. ಅಲ್ಲಿ ಹೊಸ ಲೈಟ್ ಸೇರಿಸಿದರೆ ಲೋಗೋ ಮಿಣಮಿಣ ಅನ್ನುತ್ತದೆ, ಡ್ಯಾಶ್‌ಬೋರ್ಡ್‌ನಲ್ಲಿ ವಾರ್ನಿಂಗ್ ಬರುತ್ತದೆ.

ಮನೆಯಲ್ಲಿ ಮಾಡುವವರಿಗೆ ಅವಸರ ಇಲ್ಲ. 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಬಿಚ್ಚುವ ಮೊದಲು ಮಲ್ಟಿಮೀಟರ್ ಹಿಡಿದು, ಕಾರು ಆನ್ ಇದ್ದಾಗ ಮಾತ್ರ ಜೀವ ಇರುವ ಫ್ಯೂಸ್ ಯಾವುದು ಅಂತ ಹುಡುಕಬಹುದು. ಅಲ್ಲಿ ಫ್ಯೂಸ್ ಟ್ಯಾಪ್, ಅಂದರೆ ಫ್ಯೂಸಿನ ಜಾಗದಲ್ಲೇ ಕೂತು ಹೊಸ ಲೈನ್ ಕೊಡುವ ಕನೆಕ್ಟರ್, ಹಾಕಿದರೆ ಕಂಪನಿಯ ಒಂದು ವೈರನ್ನೂ ಕತ್ತರಿಸಬೇಕಿಲ್ಲ. ಹೊಸ ಲೈನಿಗೆ 2 ಆಂಪಿಯರ್ ಫ್ಯೂಸ್. ಅರ್ಥ್‌ಗೆ ಬಾಡಿಯಲ್ಲಿ ಕಂಪನಿಯೇ ಕೊಟ್ಟಿರುವ ಬೋಲ್ಟ್. ಜಾಯಿಂಟ್ ಸೋಲ್ಡರ್ ಮಾಡಿ ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ). ಬಂಪರ್ ಕ್ಲಿಪ್ ನಾಲ್ಕಾರು ಎಕ್ಸ್‌ಟ್ರಾ ತಂದಿಟ್ಟುಕೊಳ್ಳಿ, ಮುರಿದೇ ಮುರಿಯುತ್ತವೆ. ನಾಳೆ ಬೇಡ ಅನಿಸಿದರೆ ಟ್ಯಾಪ್ ಕಿತ್ತರೆ ಕಾರು ಮೊದಲಿನ ಹಾಗೇ.

ಕಾನೂನು? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸಬಾರದು ಅಂತ. ನನ್ನ ಆರ್‌ಸಿಯಲ್ಲಿ ಲೋಗೋ ಬಗ್ಗೆ ಒಂದು ಅಕ್ಷರವೂ ಇಲ್ಲ. ವಿಮೆಗೂ ದಾರಿಯಿದೆ. ಎಲೆಕ್ಟ್ರಿಕಲ್ ಫಿಟಿಂಗ್‌ಗಳಿಗೆ ಐಎಂಟಿ 24 ಅಂತ ಬೇರೆ ಕವರ್ ಇದೆ, ಸಾಮಾನ್ಯವಾಗಿ ಬೆಲೆಯ ಶೇ. 4ರಷ್ಟು ಪ್ರೀಮಿಯಂ. 2,500 ರೂಪಾಯಿಯ ಲೋಗೋಗೆ 100 ರೂಪಾಯಿ. ಹೇಳಿ, ಕಟ್ಟಿ, ನೆಮ್ಮದಿಯಾಗಿರಿ. ಬಿಳಿ ಬಣ್ಣದ್ದೇ ಹಾಕಿ ಅನ್ನೋದು ಮಾತ್ರ ನನ್ನ ಷರತ್ತು. ನೀಲಿ, ಕೆಂಪು ಹಾಕುವವರ ಪರ ನಾನು ವಾದ ಮಾಡಲ್ಲ.

ವಿರೋಧ: ವ್ಯಾಟ್ ಲೆಕ್ಕ ಸರಿ, ಮಿಕ್ಕಿದ್ದು?

ಐದು ವ್ಯಾಟ್‌ಗೆ ರೇಂಜ್ ಕಡಿಮೆಯಾಗಲ್ಲ, ಒಪ್ಪಿದೆ. ನನ್ನ ತಕರಾರು ಆ ಚಿಕ್ಕ 12 ವೋಲ್ಟ್ ಬ್ಯಾಟರಿಯ ಬಗ್ಗೆ.

ಕಾರು ಆಫ್ ಮಾಡಿದಾಗ ದೊಡ್ಡ ಬ್ಯಾಟರಿಯ ಸಂಪರ್ಕ ತಾನಾಗೇ ಕಡಿದುಕೊಳ್ಳುತ್ತದೆ. ಅದನ್ನು ಮತ್ತೆ ಜೋಡಿಸುವ ಕಾಂಟ್ಯಾಕ್ಟರ್ ಎಂಬ ಸ್ವಿಚ್‌ಗೆ ಬೇಕಾದದ್ದು 12 ವೋಲ್ಟ್. ಚಿಕ್ಕ ಬ್ಯಾಟರಿ ಸತ್ತರೆ ದೊಡ್ಡದು ಶೇ. 90 ಇದ್ದರೂ ಕಾರು ಏಳುವುದಿಲ್ಲ. ಎಷ್ಟೋ ಕಾರುಗಳಲ್ಲಿ ಚಾರ್ಜರ್ ಚುಚ್ಚಿದರೂ ಚಾರ್ಜ್ ಶುರುವಾಗಲ್ಲ. ಮಾರುತಿ 800ರಲ್ಲಿ ಇದ್ದದ್ದೂ ಅದೇ 12 ವೋಲ್ಟ್ ನಿಜ, ಆದರೆ ಅದನ್ನು ತಳ್ಳಿ ಸ್ಟಾರ್ಟ್ ಮಾಡಬಹುದಿತ್ತು. ಕಾರು ನಿಲ್ಲಿಸಿದ ಮೇಲೂ ಲೋಗೋ ಉರಿಯುತ್ತಲೇ ಇದ್ದರೆ 5 ವ್ಯಾಟ್ ಅಂದರೆ ಸುಮಾರು 0.4 ಆಂಪಿಯರ್, ದಿನಕ್ಕೆ 10 ಆಂಪಿಯರ್-ಅವರ್. 35 ಆಂಪಿಯರ್-ಅವರ್ ಬ್ಯಾಟರಿ ಮೂರೂವರೆ ದಿನಕ್ಕೆ ಪೂರ್ತಿ ಖಾಲಿ, ಕಾರು ಏಳದ ಸ್ಥಿತಿಗೆ ಅದಕ್ಕೂ ಎಷ್ಟೋ ಮೊದಲೇ ಬಂದಿರುತ್ತದೆ.

ಕಾರು ಆನ್ ಇದ್ದಾಗ ಮಾತ್ರ ಜೀವ ಇರುವ ಫ್ಯೂಸ್ ಹುಡುಕಿ ಅಂದರಲ್ಲ, ಎಲೆಕ್ಟ್ರಿಕ್ ಕಾರಿನಲ್ಲಿ ಆನ್ ಮತ್ತು ಆಫ್ ಅಷ್ಟು ಸರಳ ಇಲ್ಲ. ಲಾಕ್ ಮಾಡಿ ಹೋದ ಮೇಲೂ ಕೆಲವು ಲೈನ್‌ಗಳಲ್ಲಿ ಸ್ವಲ್ಪ ಹೊತ್ತು ಕರೆಂಟ್ ಇರುತ್ತದೆ. ಫೋನಿನ ಆ್ಯಪ್‌ನಲ್ಲಿ ಚಾರ್ಜ್ ಎಷ್ಟಿದೆ ಅಂತ ನೋಡಿದರೆ ಕಾರು ಅರ್ಧ ಎಚ್ಚರವಾಗುವುದುಂಟು. ಮಲ್ಟಿಮೀಟರ್ ಹಿಡಿದ ಆ ಐದು ನಿಮಿಷದಲ್ಲಿ ಇದೆಲ್ಲ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ವಿಷಯವನ್ನು ಪರ ಬರೆದವರು ಮುಟ್ಟಲೇ ಇಲ್ಲ. ಈಗ ಜಾಸ್ತಿ ಕಾರುಗಳಲ್ಲಿ ಅಡಾಸ್ ಬರುತ್ತಿದೆ. ಮುಂದಿನ ಗಾಡಿ ನೋಡಿ ತಾನೇ ಬ್ರೇಕ್ ಹಾಕುವ ವ್ಯವಸ್ಥೆ. ಅದಕ್ಕೆ ಬೇಕಾದ ರೇಡಾರ್ ಕೆಲವು ಕಾರುಗಳಲ್ಲಿ ಲೋಗೋದ ಹಿಂದೆಯೇ ಕೂತಿರುತ್ತದೆ. ಟೊಯೋಟಾ, ಮರ್ಸಿಡಿಸ್ ಹೀಗೆ ಮಾಡಿದ ಮಾಡೆಲ್‌ಗಳಿವೆ. ಈ ರೇಡಾರ್ ಕೆಲಸ ಮಾಡುವುದು ಸುಮಾರು 77 ಗಿಗಾಹರ್ಟ್ಸ್‌ನಲ್ಲಿ, ಅಲೆಯ ಉದ್ದ ಹತ್ತಿರ ಹತ್ತಿರ 4 ಮಿಲಿಮೀಟರ್. ಹಾಗಾಗಿ ಲೋಗೋದ ಪ್ಲಾಸ್ಟಿಕ್ ಎಷ್ಟು ದಪ್ಪ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹೊಳಪಿಗೆ ಮಾಮೂಲಿ ಕ್ರೋಮ್ ಬಳಿದರೆ ಅಲೆ ವಾಪಸ್ ಬಂದುಬಿಡುತ್ತದೆ. ಅದಕ್ಕೇ ಇಂಡಿಯಮ್ ಎಂಬ ಲೋಹದ ತೀರಾ ತೆಳು ಪದರ ಹಾಕುತ್ತಾರೆ, ಬೆಳ್ಳಗೆ ಹೊಳೆಯುತ್ತದೆ, ರೇಡಾರ್‌ಗೂ ದಾರಿ ಬಿಡುತ್ತದೆ. ಅಷ್ಟು ತಲೆ ಓಡಿಸಿ ಮಾಡಿದ ಭಾಗದ ಮೇಲೆ ನಾವು ತಾಮ್ರದ ಸರ್ಕ್ಯೂಟ್ ಬೋರ್ಡ್ ಇರುವ ಎಲ್‌ಇಡಿ ಲೋಗೋವನ್ನು ಡಬಲ್ ಟೇಪ್ ಹಾಕಿ ಅಂಟಿಸುತ್ತೇವೆ!

ನಮ್ಮ ಕಾರಲ್ಲಿ ರೇಡಾರ್ ಕೆಳಗೆ ಬಂಪರ್‌ನಲ್ಲಿದೆ ಅನ್ನಬಹುದು. ಆದರೆ ವೈರ್ ಎಳೆಯಲು ಬಂಪರ್ ಬಿಚ್ಚುತ್ತೀರಲ್ವಾ? ವಾಪಸ್ ಕೂರಿಸುವಾಗ ರೇಡಾರ್ ಒಂದು ಡಿಗ್ರಿ ಪಕ್ಕಕ್ಕೆ ತಿರುಗಿದರೂ 100 ಮೀಟರ್ ದೂರದಲ್ಲಿ ಅದರ ನೋಟ 1.7 ಮೀಟರ್ ಸರಿಯುತ್ತದೆ. ಹೆದ್ದಾರಿಯ ಒಂದು ಲೇನ್ ಇರುವುದೇ 3.5 ಮೀಟರ್. ಪಕ್ಕದ ಲೇನಿನ ಲಾರಿ ನೋಡಿ ಕಾರು ಸುಮ್ನೆ ಬ್ರೇಕ್ ಹಾಕಿದರೆ, ಹಿಂದೆ ಬರುತ್ತಿರುವ ಬಸ್ಸಿನವನಿಗೆ ಏನು ಹೇಳುವುದು? ಅದನ್ನು ಮತ್ತೆ ಸರಿಹೊಂದಿಸಲು ವರ್ಕ್‌ಶಾಪಿನ ಉಪಕರಣ ಬೇಕು, ಮನೆ ಪೋರ್ಟಿಕೋದಲ್ಲಿ ಆಗುವ ಕೆಲಸ ಅಲ್ಲ.

ಕಾನೂನಿನ ವಿಷಯದಲ್ಲಿ ಅರ್ಧ ಮಾತ್ರ ಹೇಳಿದ್ದಾರೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದೇ 52ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟು, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಎಂದಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ನಿಯಮ ಒಪ್ಪದ ಬಿಡಿಭಾಗ ಹಾಕಿಸಿಕೊಂಡ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಲೋಗೋಗೆ ಯಾರೂ ಜೈಲಿಗೆ ಹಾಕಲ್ಲ ಅಂತ ನನಗೂ ಗೊತ್ತು. ಆದರೆ ಆರ್‌ಸಿಯಲ್ಲಿ ಬರೆದಿಲ್ಲ ಅನ್ನುವ ವಾದವನ್ನು ರಾತ್ರಿ ಹನ್ನೊಂದಕ್ಕೆ ಚೆಕ್‌ಪೋಸ್ಟ್‌ನಲ್ಲಿ ನಿಂತು ಮಾಡಬೇಕಾಗುತ್ತದೆ. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟ್‌ಗಳ ಮೇಲೆ ಕೇಸ್ ಹಾಕಲು ಹೊರಟದ್ದು ನೆನಪಿರಬಹುದು. ಮುಂದುಗಡೆ ಎಕ್ಸ್‌ಟ್ರಾ ಬೆಳಕು ಅಂದರೇ ಅವರ ಕಣ್ಣು ಅಲ್ಲಿಗೆ ಹೋಗುತ್ತದೆ.

ವಾರಂಟಿಯ ಕಥೆ ಬೇರೆ. ಹೆಚ್ಚಿನ ಕಂಪನಿಗಳು ದೊಡ್ಡ ಬ್ಯಾಟರಿಗೆ ಕನಿಷ್ಠ 8 ವರ್ಷ ಕೊಡುತ್ತವೆ. ನಿಮ್ಮ ಫ್ಯೂಸ್ ಟ್ಯಾಪ್‌ಗೂ ಆ ಬ್ಯಾಟರಿಗೂ ಸಂಬಂಧ ಇಲ್ಲದಿರಬಹುದು. ಆದರೆ ಡ್ಯಾಶ್‌ಬೋರ್ಡ್‌ನಲ್ಲಿ ಯಾವುದೋ ಎಲೆಕ್ಟ್ರಿಕಲ್ ವಾರ್ನಿಂಗ್ ಬಂದು ವರ್ಕ್‌ಶಾಪಿಗೆ ಹೋದಾಗ ಮೆಕ್ಯಾನಿಕ್‌ಗೆ ಮೊದಲು ಕಾಣುವುದು ಅದೇ ಟ್ಯಾಪ್. ಹೊರಗಿನ ವೈರಿಂಗ್ ಅಂತ ಜಾಬ್ ಕಾರ್ಡ್‌ನಲ್ಲಿ ಒಂದು ಸಾಲು ಬರೆದರೆ ಮುಗಿಯಿತು, ಅದಲ್ಲ ಕಾರಣ ಅಂತ ತೋರಿಸುವ ಹೊಣೆ ನಮ್ಮ ತಲೆಗೆ. ವಾಟರ್ ಸರ್ವಿಸ್‌ನ ಪ್ರೆಶರ್ ಪೈಪ್‌ಗೆ ಲೋಗೋದ ಅಂಚು ಬಿಟ್ಟುಕೊಂಡು ನೀರು ಒಳಗೆ ಹೋಗಿ ಜಾಯಿಂಟ್ ಹಸಿರು ಹಿಡಿಯುವುದು ಇನ್ನೊಂದು ರಗಳೆ.

ನಿಮ್ಮ ಮಾಡೆಲ್‌ಗೆ ಕಂಪನಿಯೇ ಬೆಳಗುವ ಲೋಗೋ ಕೊಡುತ್ತಿದ್ದರೆ ಶೋರೂಮ್‌ನಲ್ಲಿ ಹಾಕಿಸಿ, ಬಿಲ್ ಜೋಪಾನವಾಗಿ ಇಟ್ಟುಕೊಳ್ಳಿ. ಅದಕ್ಕೆ ನನ್ನ ವಿರೋಧ ಇಲ್ಲ. ಕೊಡುತ್ತಿಲ್ಲ ಅಂದರೆ ಯಾಕೆ ಅಂತ ಸರ್ವಿಸ್ ಅಡ್ವೈಸರ್‌ನ ಕೇಳಿ. ರೇಡಾರ್ ಎಲ್ಲಿದೆ ಅಂತಲೂ ಆಗಲೇ ಕೇಳಿಬಿಡಿ.