ಮೋಲ್ಡ್ ಅಂದ್ರೆ ಯಾವ ಮೋಲ್ಡ್?

ಕೆಲವು ವರ್ಷಗಳ ಹಿಂದೆ ಕೈತೋಟದ ಬಗ್ಗೆ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೆ. ಅದರಲ್ಲಿ 'ಲೀಫ್ ಮೋಲ್ಡ್' ಅಂತ ಒಂದು ಮಾತು ಬಂತು. ಹಿಂದೆಮುಂದೆ ನೋಡದೆ 'ಎಲೆಯಾಕಾರದ ಅಚ್ಚು' ಅಂತ ಬರೆದೆ. ಮುಂದಿನ ಸಾಲಿನಲ್ಲಿ ಅದನ್ನು ಗಿಡದ ಬುಡಕ್ಕೆ ಹರಡಿ ಅಂತಿತ್ತು. ಅಚ್ಚನ್ನು ಹರಡೋದು ಹೇಗೆ? ಹೊಡೆದುಹಾಕಿ 'ಬೂಷ್ಟು ಹಿಡಿದ ಎಲೆ' ಅಂತ ತಿದ್ದಿ ಕಳಿಸಿದೆ. ನೋಡಿಕೊಟ್ಟವರು ಅಂಚಿನಲ್ಲಿ ಮೂರೇ ಪದ ಬರೆದಿದ್ದರು: "ಇದು ಬೂಷ್ಟಲ್ಲ, ಮಣ್ಣು."

ಅವತ್ತಿನಿಂದ ಈ ಪದ ನನ್ನ ಬೆನ್ನು ಬಿಟ್ಟಿಲ್ಲ. ಈಗ ಬರೆಯೋಕೆ ಕಾರಣ ಬೇರೆ. ಮೊನ್ನೆ ಯಾರೋ ಒಂದು ಸ್ಫೂರ್ತಿ ಸಾಲು ಕಳಿಸಿದ್ದರು. ಇಂಗ್ಲಿಷಿನಲ್ಲಿ ಕೊಳೆಯುವುದಕ್ಕೂ ರೂಪ ಕೊಡುವುದಕ್ಕೂ 'ಮೋಲ್ಡ್' ಅನ್ನೋ ಒಂದೇ ಪದವಂತೆ. ಹಾಗಾಗಿ ನಮ್ಮನ್ನು ರೂಪಿಸುವುದೇ ಒಂದು ದಿನ ನಮ್ಮನ್ನು ಕೊಳೆಸುತ್ತದಂತೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಸುಳ್ಳು. ಅದು ಒಂದು ಪದವೇ ಅಲ್ಲ, ಮೂರು ಪದ: ಒಂದು ಅಚ್ಚು, ಒಂದು ಮಣ್ಣು, ಒಂದು ಬೂಷ್ಟು. ಮೂರು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಕಾಗುಣಿತದ ಕೆಳಗೆ ನಿಂತಿವೆ. ಬ್ರಿಟಿಷರು ನಡುವೆ ಒಂದು 'ಯು' ಇಟ್ಟು ಬರೆಯುತ್ತಾರೆ, ಅಮೆರಿಕದವರು ಅದನ್ನು ಬಿಟ್ಟು ಬರೆಯುತ್ತಾರೆ. ಆದರೆ ಇಬ್ಬರೂ ಮೂರಕ್ಕೂ ಒಂದೇ ಕಾಗುಣಿತ ಬಳಸುತ್ತಾರೆ.

ಅಚ್ಚಿನ ಮೋಲ್ಡ್ ಮೊದಲು ನೋಡೋಣ, ಅದರ ಕತೆ ಸಲೀಸು. ಲ್ಯಾಟಿನ್ನಿನಲ್ಲಿ 'ಮೋಡಸ್' ಅಂದರೆ ಅಳತೆ, ರೀತಿ. ಅದರ ಪುಟ್ಟ ರೂಪ 'ಮೋಡ್ಯುಲಸ್', ಸಣ್ಣ ಅಳತೆ. ಹಳೆಯ ಫ್ರೆಂಚಿನಲ್ಲಿ ಅದು ಸವೆದು 'ಮೋಡ್ಲ್' ಆಯಿತು. ಆಮೇಲೆ ಡಕಾರ, ಲಕಾರ ಜಾಗ ಬದಲಾಯಿಸಿಕೊಂಡು 'ಮೋಲ್ಡ್' ಆಯಿತು. ನಮ್ಮಲ್ಲಿ ಸಿಗ್ನಲ್ ಅನ್ನೋದು ಬಾಯಿಂದ ಬಾಯಿಗೆ ಹೋಗಿ ಸಿಂಗಲ್ ಆಗಲ್ವಾ, ಹಾಗೇ. ಅದೇ ಮೋಡ್ಯುಲಸ್ ಇಟಲಿಯ ಕಡೆಯಿಂದ ಬಂದಾಗ 'ಮಾಡೆಲ್' ಆಯಿತು. ನೇರವಾಗಿ ಬಂದಾಗ 'ಮಾಡ್ಯೂಲ್'. ಅಂದರೆ ಮೋಲ್ಡ್, ಮಾಡೆಲ್, ಮಾಡ್ಯೂಲ್ ಮೂರೂ ಒಂದೇ ತಾಯಿಯ ಮಕ್ಕಳು. ಇಂಗ್ಲಿಷಿನಲ್ಲಿ ಈ ಪದ ಮೊದಲು ಕಾಣಿಸಿಕೊಂಡಾಗ ಅದಕ್ಕೆ ಎರಕದ ಅಚ್ಚಿಗಿಂತ ಮನುಷ್ಯನ ಸ್ವಭಾವ, ಮೈಕಟ್ಟು ಅನ್ನೋ ಅರ್ಥವೇ ಇತ್ತು. ಇವನು ಯಾವ ಅಚ್ಚಿನವನು ಅಂತೀವಲ್ಲ, ಆ ಅರ್ಥ.

ಮಣ್ಣಿನ ಮೋಲ್ಡ್ ಎಲ್ಲಿಂದಲೂ ಬಂದಿದ್ದಲ್ಲ. ಅದು ಇಂಗ್ಲಿಷಿನ ಮನೆಮಗ. ಹಳೆಯ ಇಂಗ್ಲಿಷಿನಲ್ಲಿ 'ಮೋಲ್ಡೆ' ಅಂದರೆ ಪುಡಿ ಮಣ್ಣು, ಸಡಿಲ ಮಣ್ಣು, ನೆಲ. ಇದರ ಬೇರು ಅರೆಯುವುದು, ಪುಡಿ ಮಾಡುವುದು ಅನ್ನೋ ಅರ್ಥದ ಬಹಳ ಹಳೆಯ ಧಾತು. ಹಿಟ್ಟು ಬೀಸುವ 'ಮಿಲ್' ಅದೇ ಬೇರಿನದು. ನಮ್ಮ ದವಡೆಹಲ್ಲಿಗೆ ದಂತವೈದ್ಯರು 'ಮೋಲಾರ್' ಅಂತಾರಲ್ಲ, ಅದೂ ಅದೇ ಬೇರಿನದು, ಅದೂ ಅರೆಯೋ ಕೆಲಸದ್ದೇ. ನೆಲದಡಿ ಬಿಲ ತೋಡಿ ಮಣ್ಣು ಮೇಲಕ್ಕೆ ಚೆಲ್ಲುವ 'ಮೋಲ್' ಅನ್ನೋ ಪ್ರಾಣಿಗೆ ಹಿಂದೆ 'ಮೋಲ್ಡ್‌ವಾರ್ಪ್' ಅನ್ನೋ ಹೆಸರಿತ್ತು. ಮಣ್ಣೆಸೆಯೋನು ಅಂತ ಅರ್ಥ. ನನಗೆ ತುಂಬಾ ಇಷ್ಟವಾದ ಹೆಸರು ಇದು. ಇಷ್ಟು ಒಳ್ಳೆಯ ಹೆಸರನ್ನು ಯಾಕೆ ಬಿಟ್ಟರೋ.

ಉಳಿದದ್ದು ಬೂಷ್ಟು. ಮಧ್ಯಯುಗದ ಇಂಗ್ಲಿಷಿನಲ್ಲಿ ಬೂಷ್ಟು ಹಿಡಿಯುವುದಕ್ಕೆ 'ಮೌಲೆನ್' ಅಂತ ಒಂದು ಕ್ರಿಯಾಪದ ಇತ್ತು. ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಲ್ಲಿ ಅದರ ನೆಂಟ ಪದ 'ಮ್ಯುಗ್ಲಾ'. ನೋಡಿ, ಇವೆರಡರಲ್ಲೂ ಕೊನೆಯ ಡಕಾರ ಇಲ್ಲ. ಬೂಷ್ಟು ಹಿಡಿದದ್ದು ಅನ್ನೋ ಭೂತಕಾಲದ ರೂಪದಲ್ಲಿ ಡಕಾರ ಸೇರಿಕೊಂಡಿತು, ಆ ರೂಪವೇ ಮುಂದೆ ನಾಮಪದವಾಗಿ ನಿಂತಿತು. ಪಕ್ಕದಲ್ಲೇ ಇದ್ದ ಮಣ್ಣಿನ ಮೋಲ್ಡ್ ಇದನ್ನು ತನ್ನ ಕಡೆ ಎಳೆದಿರಬೇಕು ಅಂತ ನಿಘಂಟಿನವರು ಹೇಳುತ್ತಾರೆ. ಎಳೆಯದೆ ಇರುತ್ತಾ? ಕೊಳೆತದ್ದೆಲ್ಲ ಮಣ್ಣಾಗುವುದನ್ನು ದಿನಾ ನೋಡುವ ರೈತನಿಗೆ ಈ ಎರಡು ಪದ ಬೇರೆ ಅಂತ ಅನ್ನಿಸೋಕೆ ಕಾರಣವೇ ಇರಲಿಲ್ಲ. ಉದುರಿ ಪುಡಿಯಾಗಿ ಹಾಳಾಗುವುದಕ್ಕೆ 'ಮೋಲ್ಡರ್' ಅನ್ನೋ ಕ್ರಿಯಾಪದ ಇದೆ. ಅದರ ಬೇರು ಬೂಷ್ಟಿನಲ್ಲಲ್ಲ, ಮಣ್ಣಿನಲ್ಲಿ. ಇನ್ನೂ ಮಜಾ ಅಂದರೆ, ಎರಕದ ಕಾರ್ಖಾನೆಯಲ್ಲಿ ಅಚ್ಚು ಮಾಡುವ ಕೆಲಸಗಾರನೂ 'ಮೋಲ್ಡರ್'. ಒಂದೇ ಕಾಗುಣಿತ. ಒಂದು ಕಟ್ಟುತ್ತೆ, ಇನ್ನೊಂದು ಉದುರುತ್ತೆ.

ಇಲ್ಲಿ ಆ ಸ್ಫೂರ್ತಿ ಸಾಲಿನವರು ಕೈ ಎತ್ತಬಹುದು. ನೋಡಿ, ಎರಡೂ ಒಂದೇ ಆಯ್ತಲ್ಲ ಅಂತ. ಇಲ್ಲ, ಬೂಷ್ಟು ಬೆರೆತದ್ದು ಮಣ್ಣಿನ ಜೊತೆ. ಅಚ್ಚಿನ ಜೊತೆ ಅಲ್ಲ. ಅಚ್ಚು ಫ್ರಾನ್ಸಿನಿಂದ ಬಂದ ಅತಿಥಿ, ಅದು ಈ ಸಂಸಾರಕ್ಕೆ ಸೇರಿಲ್ಲ. ಹೆಸರು ಒಂದೇ ಅಂತ ಇಬ್ಬರನ್ನು ಅಣ್ಣತಮ್ಮ ಅನ್ನೋಕಾಗುತ್ತಾ?

ನಮ್ಮದೇ ಉದಾಹರಣೆ ಕೊಡ್ತೀನಿ. ಕನ್ನಡದಲ್ಲಿ ಎರೆ ಅಂದರೆ ಸುರಿ, ಹೊಯ್ಯಿ. ಎರಕ ಅನ್ನೋದು ಅಲ್ಲಿಂದಲೇ ಬಂದದ್ದು. ಎರೆ ಅಂದರೆ ಕಪ್ಪು ಮಣ್ಣು ಕೂಡ. ಎರೆಹುಳುವಿನ ಎರೆಯೂ ಇದೆ. ಇಂಗ್ಲಿಷಿನ ಹಾಗೇ ನಮ್ಮಲ್ಲೂ ಎರಕ ಮತ್ತು ಮಣ್ಣು ಒಂದೇ ಸದ್ದಿನಲ್ಲಿ ಕೂತಿವೆ. ಇದನ್ನು ನೋಡಿ ನಾನೂ ಒಂದು ಸಾಲು ಹೊಸೆಯಬಹುದಿತ್ತು. ಮಣ್ಣಾಗುವವನೇ ಎರಕವಾಗುತ್ತಾನೆ ಅಂತ ಏನೋ ಒಂದು. ನೂರು ಲೈಕ್ ಬರುತ್ತಿದ್ದವು. ಆದರೆ ಕನ್ನಡದವರು ಯಾರೂ ಮಾತಾಡುವಾಗ ಈ ಎರೆಗಳನ್ನು ಬೆರೆಸಿಕೊಂಡು ತತ್ವಜ್ಞಾನ ಹೇಳಲ್ಲ. ಬೇರೆ ಭಾಷೆಯ ಪದ ಸಿಕ್ಕಾಗ ಮಾತ್ರ ಅದರ ಹೊಟ್ಟೆಯಲ್ಲಿ ಏನೋ ಗೂಢಾರ್ಥ ಇದೆ ಅಂತ ನಂಬಿಬಿಡ್ತೀವಿ.

ನಿಜವಾದ ಸಂಬಂಧ ಹುಡುಕುವವರಿಗೆ ಬೂಷ್ಟಿನ ಲೋಕದಲ್ಲೇ ಬೇಕಾದಷ್ಟಿದೆ. 1729ರಲ್ಲಿ ಇಟಲಿಯ ಸಸ್ಯವಿಜ್ಞಾನಿ ಮಿಕೇಲಿ ಒಂದು ಬೂಷ್ಟಿಗೆ 'ಆಸ್ಪರ್ಜಿಲಸ್' ಅಂತ ಹೆಸರಿಟ್ಟರು. ಭೂತಗನ್ನಡಿಯಲ್ಲಿ ಅದರ ತಲೆ ಚರ್ಚಿನಲ್ಲಿ ಪವಿತ್ರ ನೀರು ಚಿಮುಕಿಸುವ ಸಾಧನದ ಹಾಗೆ ಕಂಡಿತ್ತು. 'ಪೆನಿಸಿಲಿಯಂ' ಅನ್ನೋ ಬೂಷ್ಟಿನ ಹೆಸರು ಚಿತ್ರಗಾರರ ಕುಂಚದ್ದು. ಅದರ ಬೀಜಕಣಗಳು ಕುಂಚದ ಕೂದಲಿನ ಹಾಗೆ ಹರಡಿಕೊಂಡಿರುತ್ತವೆ. ಅದೇ ಲ್ಯಾಟಿನ್ ಪದದಿಂದಲೇ ನಾವು ಬರೆಯೋ ಪೆನ್ಸಿಲ್ ಕೂಡ ಬಂತು. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಗಾಜಿನ ತಟ್ಟೆಗೆ ಕರೆಯದೆ ಬಂದು ಕೂತದ್ದು ಇದೇ ಕುಂಚದ ಬೂಷ್ಟು. ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆದಿರಲಿಲ್ಲ. ಆ ಬೂಷ್ಟಿನಿಂದ ಬಂದ ರಸಕ್ಕೆ ಪೆನಿಸಿಲಿನ್ ಅಂತ ಹೆಸರಿಡುವ ಮೊದಲು ಅವರು ಸುಮ್ನೆ 'ಮೋಲ್ಡ್ ಜ್ಯೂಸ್' ಅಂತಿದ್ದರು. ಕೊಳೆಸುವ ಜೀವಿಗಳಿಗೆ ಆಕಾರ ನೋಡಿ ಹೆಸರಿಟ್ಟರಲ್ಲ, ಕೊಳೆತಕ್ಕೂ ರೂಪಕ್ಕೂ ಇರುವ ನಂಟು ಬೇಕಿದ್ದರೆ ಇದನ್ನು ಹಿಡಿಯಿರಿ. ಇದಾದರೂ ನಿಜ.

ನನ್ನ ಲೀಫ್ ಮೋಲ್ಡ್ ವಿಚಾರಕ್ಕೆ ಬರ್ತೀನಿ. ಉದುರಿದ ಎಲೆಗಳನ್ನು ಒದ್ದೆಯಾಗಿ ಗುಡ್ಡೆ ಹಾಕಿ ಒಂದೆರಡು ವರ್ಷ ಬಿಟ್ಟರೆ ಕಪ್ಪಗೆ ಪುಡಿಪುಡಿಯಾಗುತ್ತದೆ. ಅದೇ ಲೀಫ್ ಮೋಲ್ಡ್. ಪದ ಮಣ್ಣಿನದು, ತಿದ್ದಿದವರು ಹೇಳಿದ್ದು ಸರಿ. ಆದರೆ ಆ ಎಲೆಗಳನ್ನು ನಿಧಾನವಾಗಿ ಮಣ್ಣು ಮಾಡುವ ಕೆಲಸ ಹೆಚ್ಚಾಗಿ ಶಿಲೀಂಧ್ರಗಳದ್ದೇ. ಅಂದರೆ ನನ್ನ 'ಬೂಷ್ಟು' ನಿಘಂಟಿನ ಲೆಕ್ಕದಲ್ಲಿ ತಪ್ಪು, ಗುಡ್ಡೆಯೊಳಗೆ ಕೈ ಹಾಕಿ ನೋಡಿದರೆ ಅಷ್ಟೇನೂ ತಪ್ಪಲ್ಲ. ಇದನ್ನು ಅವರಿಗೆ ಹೇಳಿದೆ. ನಕ್ಕರು. ಕೊನೆಗೆ 'ಎಲೆಗೊಬ್ಬರ' ಅಂತಲೇ ಅಚ್ಚಾಯಿತು.

ಅದೇ ಲೇಖನದ ಕೊನೆಯಲ್ಲಿ 'ಮೋಲ್ಡ್‌ಬೋರ್ಡ್' ಅಂತ ಇನ್ನೊಂದು ಇತ್ತು. ನೇಗಿಲಿನ ಗುಳದ ಹಿಂದೆ ಬಾಗಿದ ಕಬ್ಬಿಣದ ಹಲಗೆ. ಅಷ್ಟು ಚೆಂದ ಬಾಗಿಸಿದ್ದಾರೆ, ಇದಂತೂ ಖಂಡಿತ ಅಚ್ಚಿನ ಮೋಲ್ಡೇ ಅಂದುಕೊಂಡೆ. ಅದೂ ಮಣ್ಣಿನದೇ. ಮಣ್ಣು ಮಗುಚುವ ಹಲಗೆ.