ಬರುತ್ತೆ ಬಿಡಿ ಸಾರ್

"ಬರುತ್ತೆ ಬಿಡಿ ಸಾರ್, ಎಲೆ ಎಲ್ಲಿಗೆ ಹೋಗುತ್ತೆ?"

ಬಲಗಡೆ ಕೂತವರು ಹೀಗಂದಾಗ ನಾನು ಇಸ್ಪೀಟ್ ಒಂಬತ್ತು, ಆಟೀನ್ ಎರಡನ್ನು ಡೀಲರ್ ಕಡೆ ತಳ್ಳುತ್ತಿದ್ದೆ. ಅದಕ್ಕೆ ಮುಂಚೆ ಗುಲಾಮ-ನಾಲ್ಕು. ಅದಕ್ಕೂ ಮುಂಚೆ ಏಳು-ಎರಡು, ಅದೂ ಬೆನ್ನು ಬೆನ್ನಿಗೆ ಎರಡು ಸಲ. ಒಬ್ಬೊಬ್ಬರಿಗೆ ಎರಡೇ ಎಲೆ ಹಂಚುವ ಪೋಕರ್ ಟೂರ್ನಮೆಂಟ್ ಶುರುವಾಗಿ ಎರಡು ಗಂಟೆ ಆಗಿತ್ತು. ಅಷ್ಟೂ ಹೊತ್ತು ನಾನು ಮಾಡಿದ್ದು ಒಂದೇ ಕೆಲಸ. ಎಲೆಯ ಮೂಲೆ ಎತ್ತುವುದು, ನೋಡುವುದು, ತಳ್ಳುವುದು. ನನ್ನ ಜಾಗದಲ್ಲಿ ಒಂದು ಟೇಬಲ್ ಫ್ಯಾನ್ ಇಟ್ಟಿದ್ದರೂ ನಡೆಯುತ್ತಿತ್ತು.

ಸಮಾಧಾನ ಹೇಳುವವರ ಮೇಲೆ ಸಿಟ್ಟಾಗಬಾರದು, ಗೊತ್ತು. ಆದರೆ ಸಮಾಧಾನ ಹೇಳುವವರೂ ಎರಡು ಕೈಯಲ್ಲಿ, ದುಡ್ಡಿನ ಬದಲು ಪಣಕ್ಕಿಡುವ ಚಿಪ್ಸ್ ಬಿಲ್ಲೆಗಳ ಗೋಪುರ ಕಟ್ಟುತ್ತಾ ಹೇಳಬಾರದು. ತುದಿಗೆ ಇನ್ನೊಂದು ಚಿಪ್ ಇಟ್ಟು, ಬೀಳುತ್ತದೇನೋ ಅಂತ ಉಸಿರು ಬಿಗಿಹಿಡಿದು ನೋಡಿ, ಬೀಳಲಿಲ್ಲ ಅಂತ ಖುಷಿಪಟ್ಟು, ಆಮೇಲೆ ನನ್ನ ಕಡೆ ತಿರುಗಿ "ಬರುತ್ತೆ ಬಿಡಿ" ಅಂದರೆ ಯಾರಿಗೆ ಉರಿಯುವುದಿಲ್ಲ?

ಹೀಗೆ ಎಲೆ ತಳ್ಳಿ ಫೋಲ್ಡ್ ಮಾಡುತ್ತಾ, ಅಂದರೆ ಆ ಆಟ ಬಿಟ್ಟುಕೊಡುತ್ತಾ ಕೂತವನಿಗೆ ಲೆಕ್ಕ ಹಾಕುವುದು ಬಿಟ್ಟರೆ ಬೇರೆ ಏನಿದೆ? ಎಕ್ಕದ ಜೋಡಿ ಬರುವುದು 221 ಸಲಕ್ಕೆ ಒಮ್ಮೆ. ಅಷ್ಟು ದುರಾಸೆ ನನಗಿಲ್ಲ. ಯಾವುದೋ ಒಂದು ಜೋಡಿ, ಎರಡರ ಜೋಡಿಯಾದರೂ ಸರಿ, 17 ಸಲಕ್ಕೆ ಒಮ್ಮೆ ಬರಬೇಕು. ಎಕ್ಕ, ರಾಜ, ರಾಣಿ ಜೋಡಿಗಳು, ಜೊತೆಗೆ ಎಕ್ಕ-ರಾಜ, ಇಷ್ಟನ್ನೂ ಸೇರಿಸಿದರೆ 39 ಸಲಕ್ಕೆ ಒಮ್ಮೆ. ಎರಡು ಗಂಟೆಯಲ್ಲಿ ಸುಮಾರು 60 ಸಲ ಎಲೆ ಹಂಚುತ್ತಾರೆ. ಹಾಗಿದ್ದರೆ ಒಂದೂವರೆ ಸಲ ಬರಬೇಕಿತ್ತಲ್ಲ, ಆ ಅರ್ಧವಾದರೂ ಕೊಡಿ ಅಂತ ಜಗಳ ಆಡುವ ಹಾಗಿಲ್ಲ. 60 ಸಲದಲ್ಲಿ ಇವುಗಳಲ್ಲಿ ಒಂದೂ ಬಾರದೇ ಇರುವ ಸಂಭವ ಐದರಲ್ಲಿ ಒಂದು. ಅಂದರೆ ಒಂಬತ್ತು ಜನರ ಮೇಜಿನಲ್ಲಿ ಹೆಚ್ಚುಕಮ್ಮಿ ಇಬ್ಬರಿಗೆ ಇದೇ ಗತಿ. ಒಬ್ಬ ನಾನು. ಇನ್ನೊಬ್ಬ ಯಾರು? ಒಂದು ಸುತ್ತು ಎಲ್ಲರ ಮುಖ ನೋಡಿದೆ. ನನ್ನಷ್ಟು ಹುಳ್ಳಗೆ ಯಾರೂ ಕೂತಿರಲಿಲ್ಲ.

ಸುಮ್ನೆ ಕೂತಿದ್ದರೂ ಖರ್ಚು ತಪ್ಪಿದ್ದಲ್ಲ. ಎಲೆ ನೋಡುವ ಮುಂಚೆಯೇ ಇಬ್ಬರು ಸರದಿಯಂತೆ ಕಟ್ಟಬೇಕಾದ ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್ 500-1000ಕ್ಕೆ ಏರಿತ್ತು, ಮೇಲೆ ಬಿಗ್ ಬ್ಲೈಂಡ್‌ನವರೇ ಕಟ್ಟುವ ಆಂಟಿ 1000. (ಇದು ನೆಂಟರ ಪೈಕಿ ಆಂಟಿ ಅಲ್ಲ. ಆ ಆಂಟಿಯರು ಕೊಟ್ಟು ಕಳಿಸುತ್ತಾರೆ, ಇದು ಬರೀ ಕಿತ್ತುಕೊಳ್ಳುತ್ತದೆ.) ಒಂದು ಸುತ್ತಿಗೆ 2,500. ನನ್ನ ಹತ್ತಿರ ಉಳಿದಿದ್ದು 10,000. ಭಾಗಿಸಿದರೆ ನಾಲ್ಕು. ಈ ನಾಲ್ಕಕ್ಕೆ ಪಾಲ್ ಮ್ಯಾಗ್ರಿಯಲ್ ಅನ್ನುವ ಆಟಗಾರರ ಮನೆತನದ ಹೆಸರಿನ ಮೊದಲ ಅಕ್ಷರ ಹಿಡಿದು 'ಎಂ' ಅನ್ನುತ್ತಾರೆ. ನಾಲ್ಕು ಸುತ್ತು, 36 ಸಲ ಎಲೆ, ಆಮೇಲೆ ಖಾಲಿ ಮಾಡಿ ಅಂತ ಬಾಡಿಗೆ ಮನೆಯವರು ಹೇಳಿದ ಹಾಗೆ.

ಇಂಥ ಹೊತ್ತಿಗೆ ಏನು ಮಾಡಬೇಕು ಅಂತ ಬಲ್ಲವರು ಹೇಳಿಯೇ ಇದ್ದಾರೆ. ಎಲೆ ಬರದಿದ್ದರೆ ಜಾಗ ನೋಡಿ ಆಡು. ಬ್ಲೈಂಡ್ ಕಟ್ಟಿದ ಇಬ್ಬರು ಮಾತ್ರ ನಿನ್ನ ನಂತರ ಆಡುವ ಜಾಗದ ಗುರುತಾದ ಬಟನ್ ನಿನ್ನ ಮುಂದಿದ್ದು, ಎಲ್ಲರೂ ಫೋಲ್ಡ್ ಮಾಡಿ ಸರದಿ ನಿನಗೆ ಬಂದರೆ ಮೊದಲು ನುಗ್ಗು. ಇನ್ನೊಬ್ಬರು ಹಾಕಿದಷ್ಟೇ ಹಾಕಿ ಕಾಲ್ ಮಾಡುತ್ತಾ ಕರಗಬೇಡ, ಹಾಕಿದರೆ ಇದ್ದಬದ್ದದ್ದನ್ನೆಲ್ಲ ಹಾಕು. ತೀರಾ ಸಣ್ಣಗಾಗುವ ತನಕ ಕಾಯಬೇಡ, ಎರಡು-ಮೂರು ಬ್ಲೈಂಡ್ ಉಳಿದವನಿಗೆ ಯಾರೂ ಹೆದರುವುದಿಲ್ಲ. ಎರಡು ಗಂಟೆ ಫೋಲ್ಡ್ ಮಾಡಿದವನು ಒಮ್ಮೆ ನುಗ್ಗಿದರೆ ಎಲ್ಲರೂ ನಂಬುತ್ತಾರೆ. ಎಲ್ಲ ಸರಿ. ಈ ಕೊನೆಯ ಮಾತನ್ನು ಮಾತ್ರ ಆಮೇಲೆ ವಿಚಾರಿಸಿಕೊಳ್ಳೋಣ.

ಬ್ರೇಕ್‌ನಲ್ಲಿ ಬಲಗಡೆಯವರು ಬಿಡದೆ ಜೊತೆಗೇ ಬಂದರು. "ಒಂದು ಚಿಪ್ಪು, ಒಂದು ಕುರ್ಚಿ ಇದ್ರೆ ಸಾಕು ಸಾರ್. ಆ ಕಥೆ ಗೊತ್ತಲ್ವಾ?" ಗೊತ್ತು ಅಂದೆ. ಗೊತ್ತು ಅಂದರೂ ಹೇಳಿಯೇ ಹೇಳುತ್ತಾರೆ.

1982, ಲಾಸ್ ವೇಗಸ್, ವರ್ಲ್ಡ್ ಸೀರೀಸ್ ಆಫ್ ಪೋಕರ್. ಜ್ಯಾಕ್ ಸ್ಟ್ರಾಸ್ ಅಂತ ಆರೂವರೆ ಅಡಿ ಎತ್ತರದ ಆಟಗಾರ. ಒಂದು ಆಟದಲ್ಲಿ ಮುಂದಿದ್ದ ಚಿಪ್ಸನ್ನೆಲ್ಲ ತಳ್ಳಿ ಸೋತ. ಏಳುವಾಗ ನೋಡಿದರೆ ನ್ಯಾಪ್ಕಿನ್ ಅಡಿಯಲ್ಲಿ 500ರ ಒಂದು ಚಿಪ್ ಉಳಿದಿದೆ! ಆಲ್ ಇನ್, ಅಂದರೆ ಇದ್ದದ್ದೆಲ್ಲ ಪಣಕ್ಕೆ, ಅಂತ ಬಾಯಿಬಿಟ್ಟು ಹೇಳಿರಲಿಲ್ಲವಾದ್ದರಿಂದ ಅದು ಅವನದೇ ಅಂತಾಯಿತು. ಆ ಒಂದು ಚಿಪ್ಪಿನಿಂದ ಶುರುಮಾಡಿ ಇಡೀ ಟೂರ್ನಮೆಂಟನ್ನೇ ಗೆದ್ದ, 5,20,000 ಡಾಲರ್ ಮನೆಗೆ ಒಯ್ದ.

ಒಳ್ಳೆ ಕಥೆ. ಯಾರು ಇಲ್ಲ ಅಂದರು? ಆದರೆ ಇದನ್ನು ಯಾವಾಗಲೂ ಚಿಪ್ಸ್ ಜಾಸ್ತಿ ಇರುವವರೇ ಯಾಕೆ ಹೇಳುತ್ತಾರೆ? ಆ ವರ್ಷ ಆಡಿದ್ದು 104 ಜನ. ಉಳಿದ 103 ಜನಕ್ಕೂ ಕುರ್ಚಿ ಇತ್ತು ಸ್ವಾಮಿ. ಚಿಪ್ಸೂ ಇತ್ತು, ಒಬ್ಬೊಬ್ಬರಿಗೆ 10,000. ಒಟ್ಟು 10,40,000. 500ರ ಚಿಪ್ ಹನ್ನೊಂದು ಸಲ ದುಪ್ಪಟ್ಟಾದರೆ 10,24,000, ಆಗಲೂ 16,000 ಕಡಿಮೆ. ಹನ್ನೊಂದು ಸಲ ದುಪ್ಪಟ್ಟು ಮಾಡುವುದು ಕುರ್ಚಿಯಿಂದ ಆಗುವ ಕೆಲಸವೇ? ಎಲೆ ಬೇಕು. ಕೊನೆಯ ಆಟದಲ್ಲಿ ಸ್ಟ್ರಾಸ್‌ಗೆ ಎಕ್ಕ-ಹತ್ತು ಬಂದಿತ್ತು, ಇದನ್ನು ಯಾರೂ ಹೇಳುವುದಿಲ್ಲ. ನ್ಯಾಪ್ಕಿನ್ ವಿಷಯ ಮಾತ್ರ ಎಲ್ಲರಿಗೂ ಬೇಕು. ನಾನೂ ಒಮ್ಮೆ ಎಲ್ಲ ಸೋತು ಏಳುವ ಮುಂಚೆ ಯಾರಿಗೂ ಕಾಣದ ಹಾಗೆ ನ್ಯಾಪ್ಕಿನ್ ಎತ್ತಿ ನೋಡಿದ್ದೇನೆ. ಡೀಲರ್ "ಏನಾದ್ರೂ ಕಳ್ಕೊಂಡ್ರಾ ಸಾರ್?" ಅಂತ ಕೇಳಿದ್ದ. ಏನು ಕಳೆದುಕೊಂಡೆ ಅನ್ನುವುದು ಅವನ ಕಣ್ಣೆದುರಿಗೇ ನಡೆದಿತ್ತು.

ಕಥೆ ಮುಗಿಸಿ ಬಲಗಡೆಯವರು ದನಿ ತಗ್ಗಿಸಿದರು. "ನಿಜ ಹೇಳ್ಲಾ ಸಾರ್? ಶುರುವಿಂದ ನನಗೂ ಒಂದು ಒಳ್ಳೆ ಎಲೆ ಬಿದ್ದಿಲ್ಲ." ನಾನು ಅವರ ಗೋಪುರಗಳನ್ನು ನೆನೆದೆ. ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಡವೇ? ಮಾತು ಬದಲಾಯಿಸಿದೆ.

ಮತ್ತೆ ಕೂತಾಗ ಬಟನ್ ನನ್ನ ಮುಂದೆ ಬಂತು. ಬಲಗಡೆಯವರೂ ಸೇರಿ ಎಲ್ಲರೂ ಫೋಲ್ಡ್. ಕೈಯಲ್ಲಿ ಕಳಾವರ್ ಎಂಟು, ಡೈಮಂಡ್ ಮೂರು. ಎದೆ ಡವಡವ ಅನ್ನುತ್ತಿತ್ತು. ಆದರೂ ಎರಡು ಗಂಟೆ ಸಂಪಾದಿಸಿದ ಮರ್ಯಾದೆ ಇದೆಯಲ್ಲ, ಇವನು ಎಲೆ ಇಲ್ಲದೆ ಕೈ ಹಾಕುವವನಲ್ಲ ಅಂತ ಇಡೀ ಮೇಜಿಗೆ ಗೊತ್ತಿದೆಯಲ್ಲ. ಹತ್ತು ಸಾವಿರವನ್ನೂ ಮುಂದಕ್ಕೆ ತಳ್ಳಿದೆ. ಆಲ್ ಇನ್ ಅಂತ ಬಾಯಿಬಿಟ್ಟೂ ಹೇಳಿದೆ.

ಸ್ಮಾಲ್ ಬ್ಲೈಂಡ್ ಫೋಲ್ಡ್. ಬಿಗ್ ಬ್ಲೈಂಡ್‌ನಲ್ಲಿ ಒಬ್ಬ ಹುಡುಗಿ. ಕಿವಿಗೆ ಹೆಡ್‌ಫೋನ್, ಕಣ್ಣು ಮೊಬೈಲ್ ಮೇಲೆ. ಡೀಲರ್ ಮೇಜು ತಟ್ಟಿದ ಮೇಲೆ ತಲೆ ಎತ್ತಿ, ಚಿಪ್ಸ್ ನೋಡಿ, ನನ್ನ ಮುಖ ನೋಡಿ, ಹೆಡ್‌ಫೋನ್ ಒಂದು ಕಡೆ ಸರಿಸಿ ಕೇಳಿದಳು.

"ನೀವು ಯಾವಾಗ ಬಂದ್ರಿ ಅಂಕಲ್?"

ಎರಡು ಗಂಟೆ! ಅರವತ್ತು ಸಲ ನಾನು ಎಷ್ಟು ನಾಜೂಕಾಗಿ ಫೋಲ್ಡ್ ಮಾಡಿದ್ದೆ, ಎಷ್ಟು ಸಂಯಮ, ಎಷ್ಟು ತಪಸ್ಸು. ನೋಡಿದವರು ಯಾರೂ ಇರಲಿಲ್ಲ. ಬಹುಶಃ ಬಲಗಡೆಯವರೊಬ್ಬರೇ ನೋಡಿದ್ದರು, ಅವರು ಆಗಲೇ ಫೋಲ್ಡ್ ಮಾಡಿ ಕೂತಿದ್ದರು.

ಅವಳು ಕಾಲ್ ಮಾಡಿದಳು. ರಾಜ-ಒಂಬತ್ತು. ನಾನು ಎಂಟು-ಮೂರು ತಿರುಗಿಸಿದಾಗ ಮೇಜಿನ ಮೇಲೆ ಒಂದು ಸಣ್ಣ ನಗು ಹಾದುಹೋಯಿತು. ಗೆಲ್ಲುವ ಸಂಭವ ಮೂರರಲ್ಲಿ ಒಂದು, ಅಷ್ಟೇ. ಮೇಜಿನ ನಡುವೆ ಇಬ್ಬರಿಗೂ ಸೇರಿದ ಐದು ಎಲೆ ಬೀಳಬೇಕು, ನಾಲ್ಕು ಬಿದ್ದರೂ ಏನೂ ಆಗಲಿಲ್ಲ. ಐದನೆಯದು ಆಟೀನ್ ಮೂರು, ನನ್ನ ಮೂರಕ್ಕೆ ಜೋಡಿ. 21,500 ನನ್ನ ಕಡೆ ಬಂತು.

"ಬರುತ್ತೆ ಅಂದಿರಲಿಲ್ವಾ ಸಾರ್!" ಅಂತ ಬಲಗಡೆಯವರು ನನ್ನ ಬೆನ್ನು ತಟ್ಟಿದರು. ಬಂದದ್ದು ಮೂರು. ಅದನ್ನು ಇವರೇ ತರಿಸಿಕೊಟ್ಟ ಹಾಗೆ ಸಂಭ್ರಮ.

ಆಮೇಲೆ ಮತ್ತೆ ಆರು ಸಲ ಕಸ. ಏಳನೆಯ ಸಲ ಬಿಗ್ ಬ್ಲೈಂಡ್ ನನ್ನದು. ಮೂಲೆ ಎತ್ತಿದೆ. ಇಸ್ಪೀಟ್ ಎಕ್ಕ. ಇನ್ನೊಂದರ ಮೂಲೆ ಎತ್ತಿದೆ. ಆಟೀನ್ ಎಕ್ಕ. ಉಸಿರಾಟ ಬದಲಾಗದ ಹಾಗೆ ಉಸಿರಾಡಿದೆ, ಅದೆಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಒಬ್ಬರಾದ ಮೇಲೆ ಒಬ್ಬರು ಫೋಲ್ಡ್, ಫೋಲ್ಡ್, ಫೋಲ್ಡ್. ಉಳಿದದ್ದು ಸ್ಮಾಲ್ ಬ್ಲೈಂಡ್, ಅಂದರೆ ಬಲಗಡೆಯವರು. ಅವರು ಎಲೆ ನೋಡಿದರು, ನನ್ನನ್ನು ನೋಡಿದರು, ಮುಖದಲ್ಲಿ ಎಂಥದೋ ಕರುಣೆ ತಂದುಕೊಂಡರು.

"ಪಾಪ, ತಗೊಳ್ಳಿ ಸಾರ್. ಈ ಸಲ ನಿಮಗೆ ಬಿಟ್ಟೆ."

ಲಾಭ, ಅವರ 500ರ ಒಂದು ಚಿಪ್.

"ಏನಿತ್ತು ಸಾರ್?" ಅಂತ ಬೇರೆ ಕೇಳಿದರು.

"ಎಂಟು, ಮೂರು" ಅಂದೆ.