ನಾವು ಮನೆಯಲ್ಲಿ ಕುಳಿತದ್ದು ಹೆದರಿ ಅಲ್ಲ

ಮೊನ್ನೆ ಭಾನುವಾರ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಪರಿಚಯದವರ ಮನೆಯ ಗೃಹಪ್ರವೇಶವಿತ್ತು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕುಳಿತವರು ಕೋವಿಡ್ ಕಾಲದ ಮಾತು ತೆಗೆದರು. ಹಿರಿಯರೊಬ್ಬರು ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, ‘ಏನಮ್ಮಾ, ವ್ಯವಸ್ಥೆಯ ವಿರುದ್ಧ ಅರಚುವ ಪಂಕ್ ಸಂಗೀತದವರು ನೀವು. ಗವರ್ನರ್ ಒಂದು ಮಾತು ಹೇಳಿದ್ದೇ ತಡ, ಬಾಗಿಲು ಹಾಕಿಕೊಂಡು ಕುಳಿತುಬಿಟ್ಟಿರಿ. ಎಲ್ಲಿ ಹೋಗಿತ್ತು ನಿಮ್ಮ ಬಂಡಾಯ?’ ಎಂದರು. ಸುತ್ತ ಇದ್ದವರು ನಕ್ಕರು. ಶುಭಕಾರ್ಯದ ಮನೆ, ಆತಿಥೇಯರ ಮುಖ ನೋಡಿ ಸುಮ್ಮನಾದೆ. ಇಲ್ಲಿ ಸುಮ್ಮನಿರಬೇಕಾಗಿಲ್ಲ.

ಮೊದಲಿಗೆ, ಅವರು ಹೇಳಿದ ವಿವರವೇ ತಪ್ಪು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಆರು ಕೌಂಟಿಗಳ ಆರೋಗ್ಯಾಧಿಕಾರಿಗಳು 2020ರ ಮಾರ್ಚ್ 16ರಂದು ಮನೆಯಲ್ಲೇ ಇರಬೇಕೆಂಬ ಆದೇಶ ಹೊರಡಿಸಿದರು, ಅದು ಮರುದಿನ ಜಾರಿಗೆ ಬಂತು. ಗವರ್ನರ್ ಇಡೀ ರಾಜ್ಯಕ್ಕೆ ಹೇಳಿದ್ದು ಅದಾದ ಮೇಲೆ, 19ರಂದು. ಆದರೆ ನನ್ನ ಸಿಟ್ಟು ದಿನಾಂಕದ ಬಗ್ಗೆ ಅಲ್ಲ. ಈ ಮಾತನ್ನು ನಾನು ಕಚೇರಿಯಲ್ಲಿ ಕೇಳಿದ್ದೇನೆ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓದಿದ್ದೇನೆ, ಊರಿನಿಂದ ಬಂದ ನೆಂಟರ ಬಾಯಲ್ಲೂ ಕೇಳಿದ್ದೇನೆ. ಹೇಳಿದವರಲ್ಲಿ ಒಬ್ಬರೂ ಪಂಕ್ ಶೋ ಒಂದರಲ್ಲಿ ಹತ್ತು ನಿಮಿಷ ನಿಂತವರಲ್ಲ. ಕೂದಲಿಗೆ ಬಣ್ಣ, ಚರ್ಮದ ಜಾಕೆಟ್, ಯಾರಿಗೂ ಸೊಪ್ಪು ಹಾಕದ ಉಡಾಫೆ, ಇಷ್ಟೇ ಪಂಕ್ ಎಂದು ಎಲ್ಲಿಯೋ ಒಂದು ಚಿತ್ರ ನೋಡಿ ತೀರ್ಮಾನ ಮಾಡಿಕೊಂಡಿದ್ದಾರೆ. ಆ ತೀರ್ಮಾನದ ಮೇಲೆ ನಿಂತು ನಮ್ಮ ನಿಷ್ಠೆಯನ್ನು ಅಳೆಯುತ್ತಾರೆ.

ನನ್ನನ್ನು ಬಲ್ಲವರಿಗೆ ಬರ್ಕ್ಲಿಯ 924 ಗಿಲ್ಮನ್ ಸ್ಟ್ರೀಟ್ ಎಂಬ ಪಂಕ್ ಶೋಗಳ ಜಾಗದ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಹಾಸನದಿಂದ ಬಂದು ಯಾರ ಪರಿಚಯವೂ ಇಲ್ಲದೆ ಒದ್ದಾಡುತ್ತಿದ್ದ ಕಾಲದಲ್ಲಿ ನನ್ನನ್ನು ಏನೂ ಕೇಳದೆ ಒಳಗೆ ಬಿಟ್ಟ ಜಾಗ ಅದು. 1986ರ ಡಿಸೆಂಬರ್ 31ರಂದು ಶುರುವಾದ, ಸ್ವಯಂಸೇವಕರೇ ನಡೆಸುವ ಹಳೆಯ ಗೋದಾಮು. ಅದೇ ಕಟ್ಟಡದಲ್ಲಿ ಪಕ್ಕಕ್ಕೆ ಬೆತ್ತದ ಕುರ್ಚಿ ನೇಯುವ ಸಾಮಾನು ಮಾರುವ ಅಂಗಡಿ ಇತ್ತು. ಒಳಗೆ ಕಾಂಕ್ರೀಟ್ ನೆಲ, ಇಂಚು ಜಾಗ ಬಿಡದೆ ಗೀಚಿದ ಗೋಡೆಗಳು, ಮೊಣಕಾಲೆತ್ತರದ ವೇದಿಕೆ. ಕೆಲವೇ ಡಾಲರ್ ಕೊಟ್ಟು ವರ್ಷದ ಸದಸ್ಯತ್ವ ಪಡೆದರೆ ಸಭೆಯಲ್ಲಿ ಕುಳಿತು ಮತ ಹಾಕಬಹುದು. ಬಾಗಿಲ ಬಳಿ ದೊಡ್ಡ ಅಕ್ಷರಗಳಲ್ಲಿ ನಿಯಮ ಬರೆದಿದ್ದಾರೆ: ಜನಾಂಗದ್ವೇಷ ಇಲ್ಲ, ಹೆಣ್ಣಿನ ಅವಮಾನ ಇಲ್ಲ, ಸಲಿಂಗಿಗಳ ಮೇಲಿನ ದ್ವೇಷ ಇಲ್ಲ, ಮದ್ಯ ಇಲ್ಲ, ಡ್ರಗ್ಸ್ ಇಲ್ಲ, ಹೊಡೆದಾಟ ಇಲ್ಲ.

ಹೌದು, ನಿಯಮಗಳು. ನಾಲ್ಕು ದಶಕಗಳಿಂದ ಈ ಭಾಗದ ಪಂಕ್ ಜನ ತಾವೇ ಕುಳಿತು, ಜಗಳವಾಡಿ, ಮಾಡಿಕೊಂಡು ಪಾಲಿಸಿದ ನಿಯಮಗಳು. ದೊಡ್ಡ ರೆಕಾರ್ಡ್ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡ ಬ್ಯಾಂಡುಗಳಿಗೆ ಇಲ್ಲಿ ವೇದಿಕೆ ಇಲ್ಲ ಎಂಬುದೂ ಒಂದು ನಿಯಮವಾಗಿತ್ತು. ಈ ಜಾಗದಲ್ಲೇ ಬೆಳೆದ ಗ್ರೀನ್ ಡೇ ಬ್ಯಾಂಡ್ 1993ರಲ್ಲಿ ಅಂಥ ಒಪ್ಪಂದಕ್ಕೆ ಸಹಿ ಹಾಕಿತು. ಲೋಕವೆಲ್ಲ ಅವರ ಹಿಂದೆ ಓಡುತ್ತಿದ್ದಾಗ ಗಿಲ್ಮನ್ ಬಾಗಿಲು ಮಾತ್ರ ಅವರಿಗೆ ಮುಚ್ಚಿತ್ತು. ಅವರು ಮತ್ತೆ ಆ ವೇದಿಕೆ ಹತ್ತಿದ್ದು 2015ರಲ್ಲಿ, ಬೆಂಕಿಯಲ್ಲಿ ನಷ್ಟ ಅನುಭವಿಸಿದ ಪುಸ್ತಕ ಪ್ರಕಾಶಕರ ಮತ್ತು ಮುದ್ರಕರ ಸಹಾಯಾರ್ಥ ಶೋ ಕೊಡಲು. ಇಂಥ ಶಿಸ್ತಿನಲ್ಲಿ ಬೆಳೆದವರಿಗೆ ‘ನಿಯಮ ಪಾಲಿಸಿದಿರಿ, ಆದ್ದರಿಂದ ನೀವು ಪಂಕ್ ಅಲ್ಲ’ ಎಂದು ಹೇಳುವುದಕ್ಕೆ ಏನು ಅರ್ಥವಿದೆ?

ಇನ್ನು ಪಿಟ್ ವಿಷಯ. ವೇದಿಕೆಯ ಮುಂದೆ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಕುಣಿಯುವ ಜಾಗಕ್ಕೆ ಪಿಟ್ ಎನ್ನುತ್ತೇವೆ. ಹೊರಗಿನಿಂದ ನೋಡಿದರೆ ಹೊಡೆದಾಟದಂತೆ ಕಾಣುತ್ತದೆ. ಒಳಗೆ ಇಳಿದವರಿಗೆ ಮೊದಲ ದಿನವೇ ಕಲಿಸುವ ಪಾಠ ಒಂದೇ: ಯಾರಾದರೂ ಬಿದ್ದರೆ ತಕ್ಷಣ ಎತ್ತು. ನಮ್ಮೂರಿನಲ್ಲಿ ತೇರು ಎಳೆಯುವಾಗ ಮಿಣಿ ಹಿಡಿದವರಲ್ಲಿ ಒಬ್ಬರು ಮುಗ್ಗರಿಸಿದರೆ ಸುತ್ತಲಿನವರು ಕೂಗಿ, ಕೈ ಹಿಡಿದು ಮೇಲೆತ್ತುವುದನ್ನು ಕಂಡು ಬೆಳೆದ ನನಗೆ ಆ ಪಾಠ ಹೊಸದೆನಿಸಲಿಲ್ಲ. ಒಬ್ಬರ ಕನ್ನಡಕ ಬಿದ್ದರೆ ನಾಲ್ಕು ಜನ ಕೈ ಅಗಲಿಸಿ ವೃತ್ತ ಮಾಡಿ ನಿಲ್ಲುತ್ತಾರೆ, ಸಿಗುವ ತನಕ ಯಾರೂ ಆ ಕಡೆ ಕಾಲಿಡುವಂತಿಲ್ಲ. ವಾಷಿಂಗ್ಟನ್ ಡಿ.ಸಿ.ಯ ಫುಗಾಜಿ ಬ್ಯಾಂಡಿನವರು ಇನ್ನೊಬ್ಬರಿಗೆ ಪೆಟ್ಟಾಗುವಂತೆ ಮೈಮೇಲೆ ಬೀಳುತ್ತಿದ್ದವರನ್ನು ಕಂಡರೆ ಹಾಡು ನಿಲ್ಲಿಸುತ್ತಿದ್ದರು. ಅವರ ಕೈಗೆ ಟಿಕೆಟ್ಟಿನ ಐದು ಡಾಲರ್ ವಾಪಸು ಕೊಟ್ಟು ಹೊರಗೆ ಕಳಿಸುತ್ತಿದ್ದರು. ಪಂಕ್‌ನಲ್ಲಿ ನಾನು ಗೌರವಿಸುವುದೆಲ್ಲ ಆ ಐದು ಡಾಲರ್‌ನಲ್ಲಿದೆ.

ಹೀಗಿರುವಾಗ 2020ರ ಮಾರ್ಚ್‌ನಲ್ಲಿ ನಾವು ಏನು ಮಾಡಬೇಕಿತ್ತು? ಶೋ ನಡೆಸಬೇಕಿತ್ತೇ?

ನೋಡದವರಿಗಾಗಿ ಒಂದು ವಿವರ ಹೇಳುತ್ತೇನೆ. ಹಾಡಿನ ಪಲ್ಲವಿ ಬಂದಾಗ ಗಾಯಕಿ ವೇದಿಕೆಯ ಅಂಚಿಗೆ ಬಂದು ಮೈಕನ್ನು ಜನರ ಕಡೆ ಚಾಚುತ್ತಾಳೆ. ಎಂಟು ಹತ್ತು ತಲೆಗಳು ಒಂದರ ಮೇಲೊಂದು ಅಲ್ಲಿಗೆ ಮುತ್ತುತ್ತವೆ. ನನ್ನ ಕೆನ್ನೆಗೆ ಇನ್ನಾರದೋ ಬೆವರು, ನನ್ನ ಕತ್ತಿಗೆ ಇನ್ನಾರದೋ ಉಸಿರು. ಮೈಕಿನ ಜಾಲರಿ ಒದ್ದೆಯಾಗಿರುತ್ತದೆ, ಕಬ್ಬಿಣದ ವಾಸನೆ ಬರುತ್ತದೆ. ಅದಕ್ಕೆ ತುಟಿ ತಗುಲಿಸಿ ಎಲ್ಲರೂ ಒಟ್ಟಿಗೆ ಕೂಗುತ್ತೇವೆ. ನನ್ನ ಬದುಕಿನ ಅತ್ಯಂತ ಸಂತೋಷದ ಕ್ಷಣಗಳು ಆ ಒದ್ದೆ ಮೈಕಿನ ಹತ್ತಿರವೇ ಕಳೆದಿವೆ. ಅದೇ ಮಾರ್ಚ್ 10ರಂದು ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯಲ್ಲಿ ಒಂದು ಗಾಯನ ವೃಂದ ಅಭ್ಯಾಸಕ್ಕೆ ಸೇರಿತ್ತು. ಅವರು ಕುಣಿಯಲಿಲ್ಲ, ಡಿಕ್ಕಿ ಹೊಡೆಯಲಿಲ್ಲ, ಕುರ್ಚಿಯಲ್ಲಿ ಕುಳಿತು ಹಾಡಿದರು ಅಷ್ಟೇ. ಬಂದಿದ್ದ 61 ಜನರಲ್ಲಿ 53 ಮಂದಿಗೆ ಸೋಂಕು ತಗುಲಿತು ಅಥವಾ ತಗುಲಿತೆಂದು ಲೆಕ್ಕ ಹಾಕಲಾಯಿತು, ಇಬ್ಬರು ಸತ್ತರು. ಜಪಾನಿನ ಒಸಾಕಾದಲ್ಲಿ ಸಂಗೀತ ನಡೆಯುವ ಪುಟ್ಟ ಲೈವ್ ಹೌಸ್‌ಗಳಿಂದ ಸೋಂಕು ಹರಡಿದ ಸುದ್ದಿ ಅದಕ್ಕಿಂತ ಮೊದಲೇ ಬಂದಿತ್ತು. ಇಷ್ಟು ಗೊತ್ತಿದ್ದೂ ಆ ಮೈಕನ್ನು ಹದಿನಾರರ ಹುಡುಗಿಯ ಬಾಯಿಗೆ ಹಿಡಿದು, ಅವಳು ಅಜ್ಜಿ ಇರುವ ಮನೆಗೆ ವಾಪಸು ಹೋಗುವುದನ್ನು ನೋಡುತ್ತಾ ನಿಲ್ಲುವುದು ಬಂಡಾಯವೇ? ನನ್ನ ಪ್ರಕಾರ ಅದು ಬಿದ್ದವರನ್ನು ತುಳಿದುಕೊಂಡು ಹೋಗುವುದು.

ನಮಗೆ ಇದು ಸುಲಭವಾಗಿತ್ತು ಎಂದು ಮಾತ್ರ ಯಾರೂ ತಿಳಿಯಬಾರದು. ಮಾರ್ಚ್ 17, ನಮ್ಮಲ್ಲಿ ಆದೇಶ ಜಾರಿಯಾದ ದಿನವೇ, ಬಾಸ್ಟನ್‌ನ ಡ್ರಾಪ್‌ಕಿಕ್ ಮರ್ಫೀಸ್ ಬ್ಯಾಂಡಿನವರು ಪ್ರೇಕ್ಷಕರಿಲ್ಲದೆ ಸೇಂಟ್ ಪ್ಯಾಟ್ರಿಕ್ ದಿನದ ಶೋ ನಡೆಸಿ ಆನ್‌ಲೈನ್‌ನಲ್ಲಿ ಬಿತ್ತರಿಸಿದರು. ಮೇ 29ರಂದು ಅವರೇ ಫೆನ್‌ವೇ ಕ್ರೀಡಾಂಗಣದ ಖಾಲಿ ಆಸನಗಳ ನಡುವೆ ನುಡಿಸಿದರು, ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ದೂರದಿಂದ ಸೇರಿಕೊಂಡರು. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಹಾಡು ಮುಗಿದ ಮೇಲೆ ಚಪ್ಪಾಳೆಯ ಜಾಗದಲ್ಲಿ ಬಂದ ಮೌನ ಕೇಳಿ ನನಗೆ ಅಳು ಬಂತು. ನಾನಿದ್ದದ್ದು ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ. ಕೆಳಗಿನ ಮನೆಯ ನರ್ಸ್ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದರು. ಆದ್ದರಿಂದ ಹೆಡ್‌ಫೋನ್ ಹಾಕಿಕೊಂಡು, ಕಾರ್ಪೆಟ್ ಮೇಲೆ ಕಾಲುಚೀಲದಲ್ಲಿ ನಿಂತು, ಕಾಲು ಎತ್ತದೆ ಬರೀ ತಲೆ ಭುಜ ಆಡಿಸುತ್ತಾ ಕೇಳುತ್ತಿದ್ದೆ. ಪಂಕ್ ಪ್ರೀತಿಸುವವರಿಗೆ ಅದು ಎಂಥ ಶಿಕ್ಷೆ ಎಂದು ವಿವರಿಸಲು ನನಗೆ ಸಾಧ್ಯವಿಲ್ಲ. ‘ಎಲ್ಲವೂ ಆನ್‌ಲೈನ್‌ನಲ್ಲಿತ್ತಲ್ಲ, ನಿಮಗೇನು ಕಷ್ಟ’ ಎನ್ನುವವರ ಮೇಲೂ ನನಗೆ ಇದೇ ಸಿಟ್ಟು. ನಮಗೆ ಕಷ್ಟವಾಗಿತ್ತು. ಕಷ್ಟವಾಗಿದ್ದರೂ ಕುಳಿತೆವು.

ಈಗ ಅವರ ವಾದಕ್ಕೆ ಬರುತ್ತೇನೆ. ಸರ್ಕಾರ ಹೇಳಿದ್ದನ್ನೆಲ್ಲ ಪ್ರಶ್ನಿಸದೆ ಒಪ್ಪುವುದು ಪಂಕ್‌ಗೆ ತಕ್ಕುದೇ ಎಂದು ಕೇಳುತ್ತಾರೆ. ತಕ್ಕುದಲ್ಲ, ಒಪ್ಪಲೂ ಇಲ್ಲ. ಭಾರತದಲ್ಲಿ ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಿಸಿ, ನಾಲ್ಕು ಗಂಟೆ ಸಮಯ ಕೊಟ್ಟು ದೇಶ ಮುಚ್ಚಿದರು. ಜನ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೆದ್ದಾರಿಯಲ್ಲಿ ನಡೆದರು, ಪೊಲೀಸರ ಲಾಠಿ ತಿಂದರು. ಮೇ ತಿಂಗಳಲ್ಲಿ ನಮ್ಮ ಕರ್ನಾಟಕದ ಸರ್ಕಾರ ಬಿಲ್ಡರ್‌ಗಳ ಜೊತೆ ಸಭೆ ನಡೆಸಿದ ಬೆನ್ನಲ್ಲೇ ವಲಸೆ ಕಾರ್ಮಿಕರ ರೈಲುಗಳನ್ನು ರದ್ದುಪಡಿಸಿ, ಎಲ್ಲೆಡೆ ಛೀಮಾರಿ ಬಿದ್ದ ಮೇಲೆ ಮತ್ತೆ ಬಿಟ್ಟಿತು. ಇದನ್ನೆಲ್ಲ ಕಂಡು ಕೂಗಬೇಕಿತ್ತು, ಕೂಗಿದೆವು. ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯಾದಾಗ ಓಕ್ಲೆಂಡ್‌ನ ಬೀದಿಗೂ ಇಳಿದೆವು, ಬಯಲಿನಲ್ಲಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು. ಅಧಿಕಾರದಲ್ಲಿರುವವರನ್ನು ಪ್ರಶ್ನಿಸುವುದು ಬೇರೆ, ಅಂಗಡಿಯ ಗಲ್ಲಾದಲ್ಲಿ ದಿನವಿಡೀ ನಿಂತ ಹೆಂಗಸಿನ ಮುಖದ ಮೇಲೆ ಮಾಸ್ಕಿಲ್ಲದೆ ಕೆಮ್ಮುವುದು ಬೇರೆ. ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವವರ ಜೊತೆ ನನಗೆ ವಾದ ಬೇಕಿಲ್ಲ.

ಇನ್ನೊಂದು ಸಂಗತಿ. ಲಾಕ್‌ಡೌನ್ ವಿರೋಧಿಸಿ ಹಾಡು ತಂದ ದೊಡ್ಡ ಹೆಸರುಗಳು ಯಾವುವು? 2020ರ ಡಿಸೆಂಬರ್‌ನಲ್ಲಿ ಹಳೆಯ ರಾಕ್ ತಾರೆಗಳಾದ ಎರಿಕ್ ಕ್ಲಾಪ್ಟನ್ ಮತ್ತು ವ್ಯಾನ್ ಮಾರಿಸನ್ ಸೇರಿ ಅಂಥದ್ದೊಂದು ಹಾಡು ಬಿಡುಗಡೆ ಮಾಡಿದರು. ಪಂಕ್ ಹುಟ್ಟುವ ಮೊದಲೇ ಶ್ರೀಮಂತರಾದವರು ಅವರು. ಅತ್ತ ಪಂಕ್ ಕಾಲದ ಸ್ಟ್ರಾಂಗ್ಲರ್ಸ್ ಬ್ಯಾಂಡಿನ ಕೀಬೋರ್ಡ್ ವಾದಕ ಡೇವ್ ಗ್ರೀನ್‌ಫೀಲ್ಡ್ ಆ ವರ್ಷದ ಮೇ 3ರಂದು ಕೋವಿಡ್‌ನಿಂದ ತೀರಿಕೊಂಡರು.

ಆ ಕಾಲದ ನಿಜವಾದ ಪಂಕ್ ಯಾರದು ಎಂದು ಕೇಳಿದರೆ ನಾನು ಲಾಸ್ ಏಂಜಲೀಸ್‌ನ ಲಿಂಡಾ ಲಿಂಡಾಸ್ ಹೆಸರು ಹೇಳುತ್ತೇನೆ. ಲಾಕ್‌ಡೌನ್‌ಗೆ ಸ್ವಲ್ಪ ಮೊದಲು ಆ ಬ್ಯಾಂಡಿನ ಪುಟ್ಟ ಡ್ರಮ್ಮರ್‌ಗೆ ತರಗತಿಯ ಹುಡುಗನೊಬ್ಬ, ಚೀನೀಯರಿಂದ ದೂರವಿರು ಎಂದು ಅಪ್ಪ ಹೇಳಿದ್ದಾರೆ ಎಂದನಂತೆ. ಆ ನೋವಿನಿಂದ ಹುಟ್ಟಿದ ಹಾಡನ್ನು ಹತ್ತರಿಂದ ಹದಿನಾರು ವರ್ಷದ ಆ ನಾಲ್ವರು ಹುಡುಗಿಯರು 2021ರ ಮೇ ತಿಂಗಳಲ್ಲಿ ಸಾರ್ವಜನಿಕ ಗ್ರಂಥಾಲಯದಲ್ಲಿ, ಪುಸ್ತಕದ ಕಪಾಟುಗಳ ನಡುವೆ ನಿಂತು ಹಾಡಿದರು. ಲಕ್ಷಾಂತರ ಜನ ನೋಡಿದರು. ನಾನು ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಅಷ್ಟು ಸಲ ನೋಡಿದ್ದಕ್ಕೆ ಬೇರೆ ಕಾರಣವೂ ಇತ್ತು, ಇದುವರೆಗೆ ಇಲ್ಲಿ ಬರೆದಿರಲಿಲ್ಲ. ಅದೇ ಮೇ ತಿಂಗಳಲ್ಲಿ ನಮ್ಮ ಚಿಕ್ಕಪ್ಪ ತೀರಿಕೊಂಡರು. ನನಗೆ ಹನ್ನೆರಡನೆಯ ವಯಸ್ಸಿನಲ್ಲಿ ಮೊದಲ ಟೇಪ್‌ರೆಕಾರ್ಡರ್ ತಂದುಕೊಟ್ಟವರು ಅವರು. ಊರಿನಲ್ಲಿ ಆಸ್ಪತ್ರೆಯ ಹಾಸಿಗೆಗಾಗಿ ಚಿಕ್ಕಮ್ಮ ಮತ್ತು ತಮ್ಮ ಅಲೆಯುತ್ತಿದ್ದರೆ ನಾನು ಇಲ್ಲಿಂದ ರಾತ್ರಿಯಿಡೀ ಸಿಕ್ಕಸಿಕ್ಕ ಸಂಖ್ಯೆಗಳಿಗೆ ಫೋನ್ ಮಾಡುತ್ತಿದ್ದೆ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಸತ್ತ ಸುದ್ದಿ ಬಂದದ್ದೂ ಆಗಲೇ. ಮೇ 4ರಿಂದ ಭಾರತದಿಂದ ಅಮೆರಿಕಕ್ಕೆ ಬರುವುದಕ್ಕೆ ನಿರ್ಬಂಧ ಹೇರಿದ್ದರು. ನನ್ನ ವೀಸಾದವರು ಹೋದರೆ ಮರಳಿ ಬರುವ ಖಾತರಿ ಇರಲಿಲ್ಲ. ಚಿಕ್ಕಪ್ಪನ ಅಂತ್ಯಸಂಸ್ಕಾರವನ್ನು ಫೋನಿನ ಪರದೆಯಲ್ಲಿ ನೋಡಿದೆ, ಅದೂ ನಡುವೆ ಕಡಿದು ಹೋಯಿತು. ‘ಎಲ್ಲಿ ಹೋಗಿತ್ತು ನಿಮ್ಮ ಬಂಡಾಯ’ ಎಂದು ನಗುತ್ತಾ ಕೇಳುವವರಿಗೆ ಇದೆಲ್ಲ ಗೊತ್ತಿರಬೇಕೆಂದು ನಾನು ಬಯಸುವುದಿಲ್ಲ. ಆದರೆ ಆ ಕಾಲವನ್ನು ಊಟದ ನಂತರದ ತಮಾಷೆ ಮಾಡುವ ಮೊದಲು, ಎದುರು ಕುಳಿತವರು ಯಾರನ್ನಾದರೂ ಕಳೆದುಕೊಂಡಿರಬಹುದು ಎಂಬ ಎಚ್ಚರ ಬೇಡವೇ?

ನಾವು ಸುಮ್ಮನೆ ಕುಳಿತಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕಲಾವಿದರ ಹಾಡುಗಳನ್ನು ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣ 2020ರ ಮಾರ್ಚ್ 20ರ ಶುಕ್ರವಾರ ತನ್ನ ಪಾಲು ಬಿಟ್ಟುಕೊಟ್ಟು ಮಾರಾಟದ ಹಣವನ್ನು ಕಲಾವಿದರಿಗೆ ಕೊಡುವುದಾಗಿ ಹೇಳಿತು. ಅಂದು ಒಂದೇ ದಿನ ಜನ 43 ಲಕ್ಷ ಡಾಲರ್ ಖರ್ಚು ಮಾಡಿ ಹಾಡು, ಶರ್ಟು, ರೆಕಾರ್ಡು ಕೊಂಡರು. ಆಮೇಲೆ ತಿಂಗಳ ಮೊದಲ ಶುಕ್ರವಾರ ನಮಗೆ ಹಬ್ಬವಾಯಿತು. ಮುಚ್ಚಿದ ಬಾಗಿಲಿಗೂ ಬಾಡಿಗೆ ಕಟ್ಟಬೇಕಿತ್ತು. ಗಿಲ್ಮನ್‌ನಂಥ ಜಾಗಗಳಿಗೆ ಸದಸ್ಯರು, ಹಳೆಯ ಬ್ಯಾಂಡುಗಳವರು, ಕೆಲಸ ಕಳೆದುಕೊಂಡವರು ಕೂಡ ಹತ್ತಿಪ್ಪತ್ತು ಡಾಲರ್ ಹಾಕಿದರು. ಸಂಗೀತ ವೇದಿಕೆ, ರಂಗಮಂದಿರ ಮುಂತಾದವುಗಳಿಗೆಂದು ಅಮೆರಿಕದ ಸಂಸತ್ತು 1,500 ಕೋಟಿ ಡಾಲರ್ ಮಂಜೂರು ಮಾಡಿದ್ದು ಆ ಡಿಸೆಂಬರ್ ಕೊನೆಗೆ. ಏಪ್ರಿಲ್‌ನಲ್ಲಿ ಅರ್ಜಿ ಹಾಕುವ ಜಾಲತಾಣ ಶುರುವಾದ ದಿನವೇ ಕೆಟ್ಟು ನಿಂತಿತು. ಅಲ್ಲಿಯವರೆಗೆ ಈ ಜಾಗಗಳನ್ನು ಉಳಿಸಿದ್ದು ಅರಚುವ ಜನರ ಚಿಲ್ಲರೆ ದುಡ್ಡು. 1980ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾದ ಫುಡ್ ನಾಟ್ ಬಾಂಬ್ಸ್‌ನವರ ಜೊತೆ ಪಂಕ್ ಹುಡುಗರು ಇಂದಿಗೂ ಊರೂರಿನಲ್ಲಿ ಬೀದಿಯಲ್ಲಿರುವವರಿಗೆ ಪುಕ್ಕಟೆ ಅಡುಗೆ ಮಾಡಿ ಬಡಿಸುತ್ತಾರೆ, ಮ್ಯಾನ್ಮಾರ್‌ನ ಯಾಂಗೂನ್‌ನಲ್ಲಿ ರೆಬೆಲ್ ರಯಟ್ ಬ್ಯಾಂಡಿನವರೂ ಬಡಿಸಿದ್ದಾರೆ. ಬಂಡಾಯ ಕಾಣಬೇಕೆನ್ನುವವರು ಅಲ್ಲಿಗೆ ಹೋಗಿ ಒಂದು ದಿನ ಈರುಳ್ಳಿ ಹೆಚ್ಚಲಿ.

ಈಗ ಶೋಗಳು ಎಂದಿನಂತೆ ನಡೆಯುತ್ತಿವೆ. ಮೈಕು ಮತ್ತೆ ಒದ್ದೆಯಾಗುತ್ತಿದೆ, ನಾನೂ ಮುಗಿಬೀಳುತ್ತೇನೆ. ಮೂಲೆಯಲ್ಲಿ ಮಾಸ್ಕ್ ಹಾಕಿಕೊಂಡು ನಿಲ್ಲುವ ಕೆಲವರನ್ನು ಈಗಲೂ ಕಾಣುತ್ತೇನೆ. ಮನೆಯಲ್ಲಿ ಕಾಯಿಲೆಯವರು ಇರಬಹುದು, ಅವರಿಗೇ ಇರಬಹುದು. ನಾವು ಯಾರೂ ಕೇಳುವುದಿಲ್ಲ.

ಮುಂದಿನ ಶನಿವಾರ ನಾನು ಬರ್ಕ್ಲಿಗೆ ಹೋಗುತ್ತಿದ್ದೇನೆ. ಫ್ರೀಮಾಂಟ್‌ನಿಂದ ರಿಚ್ಮಂಡ್ ಕಡೆಗೆ ಹೋಗುವ ಬಾರ್ಟ್ ರೈಲು ಹಿಡಿದು ನಾರ್ತ್ ಬರ್ಕ್ಲಿಯಲ್ಲಿ ಇಳಿದರೆ ಅಲ್ಲಿಂದ ನಡೆಯುವಷ್ಟೇ ದೂರ. ಬರುವವರು ಇನ್‌ಬಾಕ್ಸ್‌ನಲ್ಲಿ ತಿಳಿಸಿ. ಮೊನ್ನೆ ನಕ್ಕವರಿಗೂ ಈ ಕರೆ ಅನ್ವಯಿಸುತ್ತದೆ. ಬಿಗಿಯಾದ ಶೂ ಹಾಕಿಕೊಂಡು ಬನ್ನಿ. ಇಯರ್ ಪ್ಲಗ್ ನಾನು ತರುತ್ತೇನೆ.